ಗುಡ್ಡದ ಬುಡದಲ್ಲಿ ಮನೆಯಿದ್ದರೆ: ಮಳೆ ಅಳೆದು, ಬಿರುಕು ನೋಡಿ, ಹೊತ್ತಿರುವಾಗಲೇ ಹೊರಡುವುದು ಹೇಗೆ

2024ರ ಜುಲೈ 29, ಸೋಮವಾರ ಬೆಳಗ್ಗೆ. ವಯನಾಡಿನ ಕಲ್ಪೆಟ್ಟದಲ್ಲಿ ಹ್ಯೂಮ್ ಸೆಂಟರ್ ಅಂತ ಒಂದು ಪರಿಸರ ಸಂಸ್ಥೆ ಇದೆ. ಅಲ್ಲಿಯವರು ಮಳೆ ಲೆಕ್ಕ ತೆಗೆದು ನೋಡಿದರು. ಪುತ್ತುಮಲದ ಅಳತೆ ಕೇಂದ್ರದಲ್ಲಿ ಭಾನುವಾರ 200 ಮಿಲಿಮೀಟರ್ ಮಳೆ. ರಾತ್ರಿ ಕಳೆಯುವಷ್ಟರಲ್ಲಿ ಮತ್ತೆ 130. ಇದು ಗುಡ್ಡ ಜರಿಯುವ ಲೆಕ್ಕ ಅಂತ ಅವರಿಗೆ ಗೊತ್ತಾಯಿತು, ಜಿಲ್ಲಾಡಳಿತಕ್ಕೆ ತಿಳಿಸಿದರು. ಅದಾಗಿ ಸುಮಾರು 16 ಗಂಟೆಗೆ, ಮಂಗಳವಾರ ನಡುರಾತ್ರಿ ಕಳೆದ ಮೇಲೆ, ಮುಂಡಕೈ ಮತ್ತು ಚೂರಲ್ಮಲದ ಮೇಲೆ ಗುಡ್ಡ ಇಳಿಯಿತು. ಇನ್ನೂರಕ್ಕೂ ಜಾಸ್ತಿ ಜನ ಹೋದರು.

ಆ 16 ಗಂಟೆ ನನ್ನ ತಲೆಯಿಂದ ಹೋಗಿಲ್ಲ. ಅಷ್ಟು ಹೊತ್ತು ಮೊದಲೇ ಸುಳಿವು ಕೊಟ್ಟಿದ್ದು ಉಪಗ್ರಹವೂ ಅಲ್ಲ, ಕೋಟಿ ರೂಪಾಯಿಯ ಯಂತ್ರವೂ ಅಲ್ಲ. ಪ್ರತಿದಿನ ಮಳೆ ಅಳೆದು ಬರೆದಿಡುವ ಅಭ್ಯಾಸ. ಈ ಕೆಲಸವನ್ನು ಮಲೆನಾಡು, ಕೊಡಗು, ಕರಾವಳಿಯ ಯಾವ ಮನೆಯವರು ಬೇಕಾದರೂ ಮಾಡಬಹುದು. ನಾನು ಮೂಡಿಗೆರೆ ಕಡೆಯವನು. ನಮ್ಮಲ್ಲಿ ಕಾಫಿ ಬೆಳೆಗಾರರ ಮನೆಯಲ್ಲಿ ಮಳೆ ಪುಸ್ತಕ ಹೊಸದಲ್ಲ. ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಂದರೆ ಸೆಂಟ್ ಲೆಕ್ಕದಲ್ಲಿ, ಅಂದರೆ ಇಂಚಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ, ಅಳೆಯುತ್ತೇವೆ. ಪಕ್ಕದ ತೋಟಕ್ಕೆ ಫೋನ್ ಮಾಡಿ "ನಿಮಗೆಷ್ಟು ಬಿತ್ತು?" ಅಂತ ಕೇಳುತ್ತೇವೆ. ಆದರೆ ಅದೇ ಪುಸ್ತಕ ಆಗಸ್ಟ್‌ನಲ್ಲಿ ಜೀವ ಉಳಿಸುತ್ತದೆ ಅಂತ 2019ರವರೆಗೆ ನಾನೂ ಯೋಚಿಸಿರಲಿಲ್ಲ. ಆ ವರ್ಷ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಜರಿಯಿತು.

ಗುಡ್ಡದ ಬುಡದಲ್ಲೋ, ಹಳ್ಳದ ಪಕ್ಕದಲ್ಲೋ, ಧರೆ ಕಡಿದು ಮಾಡಿದ ಸಮತಟ್ಟಿನಲ್ಲೋ ಮನೆ ಇರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಧರೆ ಅಂದರೆ ಗೋಡೆಯ ಹಾಗೆ ಕಡಿದಾಗಿ ನಿಂತ ಮಣ್ಣಿನ ದಿಬ್ಬ, ಕೊಡಗಿನ ಕಡೆ ಇದನ್ನು ಬರೆ ಅನ್ನುತ್ತಾರೆ. ಹೆಸರು ಏನಾದರೂ ಇರಲಿ, ಅಪಾಯ ಒಂದೇ.

ಮೊದಲು: ಗುಡ್ಡ ಯಾಕೆ ಜರಿಯುತ್ತದೆ ಅಂತ ಎರಡು ಮಾತು

ಇದು ಅರ್ಥವಾದರೆ ಮುಂದಿನ ಪ್ರತಿ ಹೆಜ್ಜೆಯೂ ತಾನಾಗಿ ಅರ್ಥವಾಗುತ್ತದೆ.

ಮಣ್ಣಿನ ಕಣಗಳು ಒಂದನ್ನೊಂದು ಒತ್ತಿ ಹಿಡಿದುಕೊಂಡಿರುತ್ತವೆ. ಆ ಹಿಡಿತದಿಂದಲೇ ಇಳಿಜಾರು ನಿಂತಿರುತ್ತದೆ. ಮಳೆ ನೀರು ಇಳಿದು ಕಣಗಳ ನಡುವಿನ ಜಾಗವೆಲ್ಲ ತುಂಬಿತು ಅನ್ನಿ. ಆಗ ನೀರು ಒಳಗಿಂದಲೇ ಕಣಗಳನ್ನು ದೂರ ತಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ. ಜೊತೆಗೆ ಮಣ್ಣಿನ ತೂಕವೂ ಹೆಚ್ಚುತ್ತದೆ. ಪಶ್ಚಿಮ ಘಟ್ಟದಲ್ಲಿ ಇನ್ನೊಂದು ತೊಂದರೆ ಇದೆ. ಮೇಲೆ ಗಟ್ಟಿ ಮುರಕಲ್ಲು, ಅದರಡಿ ಮೆತ್ತನೆಯ ಬಿಳಿ ಇಲ್ಲವೇ ಗುಲಾಬಿ ಬಣ್ಣದ ಶೇಡಿ ಮಣ್ಣು. ಬಾವಿ ತೋಡಿದವರಿಗೆ ಇದು ಚೆನ್ನಾಗಿ ಗೊತ್ತು. ಒಣಗಿದಾಗ ಕಲ್ಲಿನಂತಿರುವ ಶೇಡಿ ನೀರು ಕುಡಿದರೆ ಬೆಣ್ಣೆಯಂತಾಗುತ್ತದೆ.

ಅಂದರೆ ಒಂದೇ ದಿನದ ದೊಡ್ಡ ಮಳೆ ಮಾತ್ರ ಗುಡ್ಡ ಬೀಳಿಸುವುದಿಲ್ಲ. ಅದಕ್ಕೂ ಮುಂಚಿನ ಮಳೆ ಮಣ್ಣನ್ನು ಎಷ್ಟು ತುಂಬಿಸಿದೆ ಅನ್ನೋದು ಮುಖ್ಯ. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ನೋಡಿ. ಅಂಕೋಲದ ಶಿರೂರಿನ ಗುಡ್ಡ 2024ರ ಜುಲೈ 16ರಂದು ಬಿದ್ದಿದ್ದು ಪುನರ್ವಸುವಿನಲ್ಲಿ. ವಯನಾಡು ಪುಷ್ಯದಲ್ಲಿ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ, 2019ರಲ್ಲಿ ಮೂಡಿಗೆರೆ ಮತ್ತು ವಿರಾಜಪೇಟೆಯ ತೋರ, 2018ರಲ್ಲಿ ಮಡಿಕೇರಿ ಸುತ್ತಿನ ಜೋಡುಪಾಲ, ಮಕ್ಕಂದೂರು, ಮದೆನಾಡು. ಇವೆಲ್ಲ ಆಗಿದ್ದು ಆಗಸ್ಟ್ 5ರಿಂದ 17ರ ನಡುವೆ, ಆಶ್ಲೇಷ ಮಳೆಯ ಆಸುಪಾಸಿನಲ್ಲಿ. ಜೂನ್‌ನಲ್ಲಿ ನೆಲ ಕುಡಿಯುತ್ತದೆ, ಜುಲೈನಲ್ಲಿ ಹೊಟ್ಟೆ ತುಂಬುತ್ತದೆ. ಆಮೇಲೆ ಬಂದ ಜಡಿಮಳೆಯನ್ನು ಅದು ಇಟ್ಟುಕೊಳ್ಳಲಾರದು.

ಹೆಜ್ಜೆ 1: ಬೇಸಿಗೆಯಲ್ಲೇ ನಿಮ್ಮ ಜಾಗ ಓದಿ

ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಒಂದು ದಿನ ಇದಕ್ಕಾಗಿಯೇ ಇಡಿ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಗುಡ್ಡಗಾಡು ಪ್ರದೇಶಗಳ ಭೂಕುಸಿತ ನಕ್ಷೆ ಮಾಡಿದೆ. ಅವರ ಭೂಕೋಶ್ ಜಾಲತಾಣದಲ್ಲಿ ಅದನ್ನು ಯಾರು ಬೇಕಾದರೂ ನೋಡಬಹುದು. ನಿಮ್ಮ ಊರು ಜಾಸ್ತಿ, ಮಧ್ಯಮ, ಕಡಿಮೆ ಅಪಾಯ ಅಂತ ಮೂರರಲ್ಲಿ ಎಲ್ಲಿ ಬರುತ್ತದೆ ನೋಡಿ. ಇದು ಊರಿನ ಮಟ್ಟದ ನಕ್ಷೆ, ನಿಮ್ಮ ಮನೆ ಹಿಂದಿನ ಧರೆಯನ್ನು ಅದರಲ್ಲಿ ಹುಡುಕಬೇಡಿ. ಕಡಿಮೆ ಅಪಾಯದ ಬಣ್ಣ ಬಂತು ಅಂತ ನಿಶ್ಚಿಂತೆಯಾಗಿ ಕೂರಲೂಬೇಡಿ.

ಆಮೇಲೆ ಗೂಗಲ್ ಅರ್ಥ್ ತೆರೆದು ಮನೆಯನ್ನು ಮೇಲಿನಿಂದ ನೋಡಿ. ಚಿತ್ರ ಓರೆ ಮಾಡಿದರೆ ಗುಡ್ಡ ಎದ್ದು ನಿಲ್ಲುತ್ತದೆ. ಎರಡು ಗುಡ್ಡದ ನಡುವಿನ ಮಡಿಕೆ ನಿಮ್ಮ ಮನೆ ಕಡೆಗೇ ಇಳಿಯುತ್ತಿದೆಯಾ? ಬೇಸಿಗೆಯಲ್ಲಿ ಒಣಗಿರುವ ಕೊರಕಲು ಅಂಗಳದ ಪಕ್ಕ ಹಾದು ಹೋಗಿದೆಯಾ? ಹಾಗಿದ್ದರೆ ಗಮನವೆಲ್ಲ ಆ ಕಡೆ ಇರಲಿ. ವಯನಾಡಿನಲ್ಲಿ ಗುಡ್ಡ ಒಡೆದಿದ್ದು ಸಮುದ್ರಮಟ್ಟದಿಂದ ಸುಮಾರು 1,550 ಮೀಟರ್ ಎತ್ತರದಲ್ಲಿ. ಮಣ್ಣು, ಬಂಡೆ, ಮರ ಹೊಳೆಯ ದಾರಿ ಹಿಡಿದು 8 ಕಿಲೋಮೀಟರ್ ಹರಿದವು. ಕೆಳಗಿದ್ದ ಎಷ್ಟೋ ಜನರ ಮನೆ ಹಿಂದೆ ಗುಡ್ಡವೇ ಇರಲಿಲ್ಲ, ಹೊಳೆ ಇತ್ತು ಅಷ್ಟೆ. ಶಿರೂರಿನಲ್ಲೂ ಹೀಗೇ ಆಯಿತು. ಹೆದ್ದಾರಿ ದಾಟಿ ಗಂಗಾವಳಿಗೆ ಬಿದ್ದ ಮಣ್ಣು ನೀರನ್ನು ಎಬ್ಬಿಸಿತು. ಆಚೆ ದಡದ ಉಳುವರೆಯ ಮನೆಗಳಿಗೆ ಅದು ಬಡಿಯಿತು.

ನಕ್ಷೆ ನೋಡುವುದು ಸಾಕು, ಈಗ ಗುಡ್ಡ ಹತ್ತಿ. ಇಳಿಜಾರಿನ ಮೇಲೆ ಉದ್ದದ ಹಲಗೆ ಇಡಿ. ಅದರ ಮೇಲೆ ಫೋನ್ ಇಟ್ಟು, ಮಟ್ಟ ನೋಡುವ ಆ್ಯಪ್‌ನಲ್ಲಿ ಕೋನ ಎಷ್ಟಿದೆ ಓದಿ. 25-30 ಡಿಗ್ರಿಗಿಂತ ಕಡಿದಾದ, ಮಣ್ಣು ದಪ್ಪಗಿರುವ ಜಾಗಕ್ಕೆ ಕಲ್ಲಿಟ್ಟು ಗುರುತು ಮಾಡಿ. ಮನೆ ಹಿಂದಿನ ಧರೆಯ ಎತ್ತರ, ಗೋಡೆಯಿಂದ ಅದರ ದೂರ ಎರಡನ್ನೂ ಟೇಪ್ ಹಿಡಿದು ಅಳೆಯಿರಿ. ನಾನು ಇಟ್ಟುಕೊಂಡಿರುವ ಸರಳ ಲೆಕ್ಕ ಇದು: ಧರೆ ಎಷ್ಟು ಎತ್ತರವೋ ಮನೆ ಕನಿಷ್ಠ ಅಷ್ಟು ದೂರ ಇರಬೇಕು. ಇಲ್ಲದಿದ್ದರೆ ಆ ಬದಿಯ ಕೋಣೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾರೂ ಮಲಗಬಾರದು. ಅಡಿಕೆ ಮೂಟೆ ಇಡಿ, ಸೌದೆ ಇಡಿ, ಮಕ್ಕಳನ್ನು ಮಾತ್ರ ಮಲಗಿಸಬೇಡಿ.

ತೋಟದವರಿಗೆ ಇನ್ನೊಂದು ಮಾತು. ನಿಮ್ಮ ಮನೆ ಎಲ್ಲೇ ಇರಲಿ, ಕೆಲಸದವರು ಇರುವ ಲೈನ್ ಮನೆಗಳು ಎಲ್ಲಿವೆ ನೋಡಿ. ಎಷ್ಟೋ ಕಡೆ ಅವು ಧರೆ ಕಡಿದ ಜಾಗದಲ್ಲಿ, ಇಲ್ಲವೇ ಹಳ್ಳದ ಅಂಚಿನಲ್ಲೇ ಇರುತ್ತವೆ. ಅಲ್ಲಿರುವವರು ದೂರದೂರಿಂದ ಬಂದವರು, ಈ ಗುಡ್ಡದ ಗುಣ ಅವರಿಗೆ ಗೊತ್ತಿರುವುದಿಲ್ಲ. ಅವರ ಸುರಕ್ಷತೆ ತೋಟದವರ ಜವಾಬ್ದಾರಿ, ಇದರಲ್ಲಿ ಎರಡು ಮಾತಿಲ್ಲ.

ಹೆಜ್ಜೆ 2: ಮಳೆಮಾಪಕ ನೀವೇ ಮಾಡಿ

ಅಂಗಡಿಯಲ್ಲಿ ಸಿಗುವ ಸಣ್ಣ ಪ್ಲಾಸ್ಟಿಕ್ ಮಾಪಕ ಬಯಲುಸೀಮೆಗೆ ಸಾಕು. ನಮ್ಮಲ್ಲಿ ಒಂದೇ ರಾತ್ರಿಗೆ ಅದು ತುಂಬಿ ಹೊರಚೆಲ್ಲುತ್ತದೆ. ಬೇಕಾದ ದಿನವೇ ಲೆಕ್ಕ ತಪ್ಪುತ್ತದೆ. ಅದಕ್ಕೇ ನಾನು ಪೈಪ್‌ನಲ್ಲಿ ಮಾಡಿಕೊಂಡೆ.

4 ಇಂಚಿನ ಪಿವಿಸಿ ಪೈಪ್ ಎರಡೂವರೆ ಅಡಿ ತೆಗೆದುಕೊಳ್ಳಿ. ಒಂದು ತುದಿಗೆ ಎಂಡ್ ಕ್ಯಾಪ್ ಹಾಕಿ ಸಲ್ಯೂಷನ್‌ನಿಂದ ಅಂಟಿಸಿ. ಕ್ಯಾಪ್ ಒಳಗೆ ಗುಂಡಗಿದ್ದರೆ ಸ್ವಲ್ಪ ಸಿಮೆಂಟ್ ಹಾಲು ಸುರಿದು ತಳ ಸಮ ಮಾಡಿ. ಮೇಲಿನ ತುದಿಯನ್ನು ನೇರವಾಗಿ ಕೊಯ್ದು ಉಪ್ಪುಕಾಗದದಲ್ಲಿ ಉಜ್ಜಿ. ನೀರು ತುಂಬಿ, ಬಾಯಿ ಮುಚ್ಚಿ ಒಂದು ರಾತ್ರಿ ಇಡಿ. ಬೆಳಗ್ಗೆ ಮಟ್ಟ ಇಳಿದಿಲ್ಲ ಅಂದರೆ ಸೋರುತ್ತಿಲ್ಲ.

ಪೈಪ್ ಬಾಯಿಂದ ತಳದವರೆಗೆ ಒಂದೇ ಅಗಲ ಇರುವುದರಿಂದ ಗುಣಾಕಾರ, ಭಾಗಾಕಾರ ಏನೂ ಬೇಡ. ಒಳಗೆ 86 ಮಿಲಿಮೀಟರ್ ನೀರು ನಿಂತಿದ್ದರೆ 86 ಮಿಲಿಮೀಟರ್ ಮಳೆ ಬಿದ್ದಿದೆ ಅಂತಲೇ ಅರ್ಥ. ಅಳೆಯಲು ತೆಳುವಾದ ಒಣ ಮರದ ಪಟ್ಟಿಗೆ ಮಿಲಿಮೀಟರ್ ಗೆರೆ ಹಾಕಿಕೊಳ್ಳಿ. ಬಸ್ಸಿನ ಟ್ಯಾಂಕ್‌ಗೆ ಕೋಲು ಇಳಿಸಿ ಡೀಸೆಲ್ ನೋಡುತ್ತಾರಲ್ಲ, ಹಾಗೆ ಇಳಿಸಿ, ತೆಗೆದು, ಒದ್ದೆಯಾದ ಗುರುತು ಓದಿ. ಪಟ್ಟಿಗೆ ಸೀಮೆಸುಣ್ಣ ಸವರಿದ್ದರೆ ಗುರುತು ಚೆನ್ನಾಗಿ ಕಾಣುತ್ತದೆ.

ಎಲ್ಲಿ ನೆಡಬೇಕು ಅನ್ನೋದರಲ್ಲಿ ಜಾಸ್ತಿ ಜನ ಎಡವುತ್ತಾರೆ. ಸಿಲ್ವರ್ ಓಕ್ ಅಡಿಯಲ್ಲಿ, ಸೂರಿನ ಪಕ್ಕದಲ್ಲಿ ನೆಟ್ಟರೆ ಅದು ಮರದ ಹನಿ, ಹೆಂಚಿನ ನೀರು ಅಳೆಯುತ್ತದೆ. ಪಕ್ಕದ ಮರ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಬೇಕು. ತೋಟದಲ್ಲಿ ಅಂಥ ಬಯಲು ಎಲ್ಲಿದೆ ಅಂತೀರಾ? ಕಾಫಿ ಕಣ ಇದೆಯಲ್ಲ! ಕಣದ ಮೂಲೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಗಾಳಿಗೆ ಅಲ್ಲಾಡದ ಹಾಗೆ ಗೂಟಕ್ಕೆ ಕಟ್ಟಿ, ಬಾಯಿ ಮಟ್ಟವಾಗಿ ಇರಲಿ.

ದಿನಾ ಬೆಳಗ್ಗೆ 8:30ಕ್ಕೆ ಅಳೆಯಿರಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8:30ರಿಂದ ಮರುದಿನ 8:30ರವರೆಗೆ. ನೀವೂ ಅದೇ ಹೊತ್ತಿಗೆ ಅಳೆದರೆ ನಿಮ್ಮ ಲೆಕ್ಕವನ್ನು ಅವರದ್ದಕ್ಕೆ ಹೋಲಿಸಿ ನೋಡಬಹುದು. ಅಳೆದ ಮೇಲೆ ನೀರು ಚೆಲ್ಲುವುದನ್ನು ಮರೆಯಬೇಡಿ.

ಹಳೆಯ ಪುಸ್ತಕ ಇಂಚು, ಸೆಂಟ್‌ನಲ್ಲಿದ್ದರೆ ಎಸೆಯಬೇಡಿ, ಅದು ಚಿನ್ನ. ಒಂದು ಇಂಚಿಗೆ 25.4 ಮಿಲಿಮೀಟರ್. 4 ಇಂಚು 50 ಸೆಂಟ್ ಅಂದರೆ ಸುಮಾರು 114 ಮಿಲಿಮೀಟರ್.

ಹೆಜ್ಜೆ 3: ಪುಸ್ತಕದಲ್ಲಿ ಮೂರು ದಿನದ ಮೊತ್ತ ಬರೆಯಿರಿ

ದಿನದ ಮಳೆ ಬರೆದರೆ ಅರ್ಧ ಕೆಲಸ. ಅದರ ಪಕ್ಕ ಇನ್ನೊಂದು ಅಂಕಣ ಎಳೆಯಿರಿ: ಇವತ್ತು, ನಿನ್ನೆ, ಮೊನ್ನೆ ಮೂರೂ ಸೇರಿ ಎಷ್ಟು? ಉದಾಹರಣೆಗೆ ಹೀಗೆ:

ಸೋಮವಾರ: 62
ಮಂಗಳವಾರ: 88
ಬುಧವಾರ: 131, ಮೂರು ದಿನಕ್ಕೆ 281
ಗುರುವಾರ: 97, ಮೂರು ದಿನಕ್ಕೆ 316

ಗುರುವಾರದ ಸಾಲು ನೋಡಿ. ಮಳೆ ಬುಧವಾರಕ್ಕಿಂತ ಕಡಿಮೆ. ಅಂಗಳದಲ್ಲಿ ನಿಂತವರಿಗೆ "ಸ್ವಲ್ಪ ಹೊಳವಾಯ್ತು" ಅನ್ನಿಸುತ್ತದೆ. ಆದರೆ ಮೂರು ದಿನದ ಮೊತ್ತ ಏರಿದೆ. ಗುಡ್ಡದ ಹೊಟ್ಟೆಯಲ್ಲಿರುವ ನೀರು ಬುಧವಾರಕ್ಕಿಂತ ಜಾಸ್ತಿಯೇ ಇದೆ. ಕಣ್ಣು ಹೇಳುವುದು ಒಂದು, ಪುಸ್ತಕ ಹೇಳುವುದು ಇನ್ನೊಂದು. ಇಂಥ ದಿನ ಪುಸ್ತಕದ ಮಾತು ಕೇಳಿ.

ಜೂನ್ 1ರಿಂದ ಒಟ್ಟು ಎಷ್ಟಾಯಿತು ಅಂತಲೂ ವಾರಕ್ಕೊಮ್ಮೆ ಬರೆಯಿರಿ. ಜಡಿಮಳೆ ಹಿಡಿದ ದಿನ ಮೂರು ಗಂಟೆಗೊಮ್ಮೆ ಅಳೆಯಿರಿ, ಸಂಜೆ 5ಕ್ಕೆ ತಪ್ಪದೆ ಅಳೆಯಿರಿ. ಈ ಸಂಜೆ 5ರ ಲೆಕ್ಕ ಯಾಕೆ ಅಂತ ಮುಂದೆ ಹೇಳುತ್ತೇನೆ. ಕೊನೆಯ ಅಂಕಣ ಖಾಲಿ ಬಿಡಿ: "ಒರತೆ ನೀರು ಕೆಂಪಾಗಿದೆ", "ಮೇಲಿನ ದಾರಿ ಬದಿ ಸ್ವಲ್ಪ ಮಣ್ಣು ಬಿತ್ತು" ಅಂತ ಕಂಡಿದ್ದು ಬರೆಯಲು. ಎರಡು ಮೂರು ಮಳೆಗಾಲ ಹೀಗೆ ಬರೆದರೆ, ಯಾವ ಮೊತ್ತಕ್ಕೆ ನಿಮ್ಮ ಗುಡ್ಡದಲ್ಲಿ ಚಿಕ್ಕಪುಟ್ಟ ಕುಸಿತ ಶುರುವಾಗುತ್ತದೆ ಅನ್ನೋದು ನಿಮಗೇ ಕಾಣುತ್ತದೆ. ಇದನ್ನು ಬೆಂಗಳೂರಿನಲ್ಲೋ ದೆಹಲಿಯಲ್ಲೋ ಕೂತವರು ಲೆಕ್ಕ ಹಾಕಿ ಕೊಡಲಾರರು.

ಹೆಜ್ಜೆ 4: ಸರ್ಕಾರದ ಎಚ್ಚರಿಕೆ ನಿಮ್ಮ ಫೋನಿಗೆ ಬರುವ ಹಾಗೆ ಮಾಡಿ

ಮನೆಯ ಲೆಕ್ಕ ಈಗಾಗಲೇ ಬಿದ್ದ ಮಳೆಯದ್ದು. ಬರಲಿರುವ ಮಳೆ ತಿಳಿಯಲು ಹವಾಮಾನ ಇಲಾಖೆಯೇ ಬೇಕು.

ಫೋನ್‌ನಲ್ಲಿ ಮೂರು ಆ್ಯಪ್ ಸಾಕು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ "ಸಚೇತ್", ಹವಾಮಾನ ಇಲಾಖೆಯ "ಮೌಸಮ್", ಸಿಡಿಲಿಗೆ "ದಾಮಿನಿ". ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆಯವರು ಮಾಡಿದ ದಾಮಿನಿ, ನೀವಿರುವ ಜಾಗದ 20ರಿಂದ 40 ಕಿಲೋಮೀಟರ್ ಸುತ್ತಿನಲ್ಲಿ ಸಿಡಿಲಿನ ಅಪಾಯ ಇದ್ದರೆ ತಿಳಿಸುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ, ಗದ್ದೆ ತೋಟದ ಕೆಲಸದ ನಡುವೆ ಇದು ತುಂಬಾ ಉಪಯೋಗ. ಭೂಕುಸಿತಕ್ಕೇ ಅಂತ ಭೂವೈಜ್ಞಾನಿಕ ಇಲಾಖೆ 2024ರಲ್ಲಿ "ಭೂಸ್ಖಲನ್" ಆ್ಯಪ್ ಬಿಟ್ಟಿದೆ. ನೀವು ಕಂಡ ಕುಸಿತದ ಮಾಹಿತಿಯನ್ನು ಅದರಲ್ಲಿ ಅವರಿಗೆ ಕಳಿಸಲೂಬಹುದು. ಇಂಥ ಮಾಹಿತಿ ಸೇರಿದಷ್ಟೂ ಮುನ್ಸೂಚನೆ ಸುಧಾರಿಸುತ್ತದೆ.

ಫೋನ್ ಸೆಟ್ಟಿಂಗ್‌ನಲ್ಲಿ ತುರ್ತು ಎಚ್ಚರಿಕೆ ಅನ್ನುವ ಆಯ್ಕೆ ಆನ್ ಇದೆಯಾ ನೋಡಿ. 2023ರಲ್ಲಿ ಎಲ್ಲರ ಫೋನೂ ಒಂದೇ ಸಲ ಜೋರಾಗಿ ಕೂಗಿಕೊಂಡು ಗಾಬರಿ ಆಗಿತ್ತಲ್ಲ, ಅದು ಇದರದೇ ಪರೀಕ್ಷೆ. ಆಗ ಕೆಲವರು ಸಿಟ್ಟಿನಿಂದ ಆಫ್ ಮಾಡಿಬಿಟ್ಟರು. ಮನೆಯ ಹಿರಿಯರ ಫೋನ್‌ನಲ್ಲೂ ತೆಗೆದು ನೋಡಿ.

ಬಣ್ಣಗಳ ಅರ್ಥ ತಿಳಿದಿರಲಿ. ಹಳದಿ ಅಂದರೆ ಗಮನ ಇಟ್ಟಿರಿ. ಕಿತ್ತಳೆ ಅಂದರೆ ಸಿದ್ಧರಾಗಿ. ಕೆಂಪು ಅಂದರೆ ಈಗ ಕೆಲಸ ಮಾಡುವ ಹೊತ್ತು. ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ, 204.5 ಮುಟ್ಟಿದರೆ ಅತ್ಯಂತ ಭಾರಿ. ಜಿಲ್ಲೆಯ ಮಟ್ಟದ ಎಚ್ಚರಿಕೆಯಲ್ಲಿ ಒಂದು ಕೊರತೆ ಇದೆ. ಚಿಕ್ಕಮಗಳೂರು ಜಿಲ್ಲೆಗೆ ಕಿತ್ತಳೆ ಅಂದರೆ ಕಡೂರಿಗೂ ಅದೇ, ಶೃಂಗೇರಿಗೂ ಅದೇ. ಎರಡು ಕಡೆಯ ಮಳೆಗೆ ಎಲ್ಲಿಂದೆಲ್ಲಿಯ ಹೋಲಿಕೆ! ಇಲ್ಲಿ ನಮ್ಮ ರಾಜ್ಯಕ್ಕೆ ಒಂದು ಅನುಕೂಲ ಇದೆ. ಬೆಂಗಳೂರಿನ ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನಾಗಿ ಅಳೆಯುವ ಮಳೆಮಾಪಕಗಳನ್ನು ಇಟ್ಟಿದೆ. 15 ನಿಮಿಷಕ್ಕೊಮ್ಮೆ ಲೆಕ್ಕ ಹೋಗುತ್ತದೆ. ನಿಮ್ಮ ಪಂಚಾಯಿತಿಯ ಲೆಕ್ಕವನ್ನು ಅವರ ಜಾಲತಾಣದಲ್ಲಿ ನೋಡಿ, ನಿಮ್ಮ ಪೈಪ್‌ನ ಲೆಕ್ಕಕ್ಕೆ ಹೋಲಿಸಿ. ವ್ಯತ್ಯಾಸ ಕಂಡರೆ ಗಾಬರಿ ಬೇಡ. ಗುಡ್ಡದ ಈ ಮಗ್ಗುಲು, ಆ ಮಗ್ಗುಲು ಬೇರೆ ಬೇರೆ ಮಳೆ ಬೀಳುತ್ತದೆ. ನೀವೇ ಅಳೆಯಬೇಕು ಅಂತ ನಾನು ಇಷ್ಟು ಹೇಳುತ್ತಿರುವುದೂ ಅದಕ್ಕೇ.

ಆಶ್ಲೇಷ ಮಳೆಯಲ್ಲಿ ಕರೆಂಟ್, ನೆಟ್‌ವರ್ಕ್ ಎರಡೂ ಹೋಗುತ್ತವೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಸೆಲ್ ಹಾಕುವ ಸಣ್ಣ ರೇಡಿಯೋ, ಪವರ್ ಬ್ಯಾಂಕ್, ಎರಡು ಟಾರ್ಚ್ ಇರಲಿ. ತುರ್ತಿಗೆ 112, ಜಿಲ್ಲಾ ಕಂಟ್ರೋಲ್ ರೂಮ್‌ಗೆ 1077. ಫೋನ್‌ನಲ್ಲಿ ಸೇವ್ ಮಾಡಿದರೆ ಸಾಲದು, ಗೋಡೆ ಮೇಲೂ ಬರೆದಿಡಿ.

ಹೆಜ್ಜೆ 5: ಬಿರುಕಿಗೆ ಗೂಟ ಹೊಡೆಯಿರಿ

2019ರ ಆಗಸ್ಟ್‌ನಲ್ಲಿ ನಮ್ಮ ತೋಟದ ಮೇಲ್ಭಾಗದಲ್ಲಿ ಕೆಲಸದ ಹೆಂಗಸೊಬ್ಬರ ಕಾಲು ತರಗೆಲೆಯೊಳಗೆ ಮೊಣಕಾಲವರೆಗೆ ಇಳಿಯಿತು. ಹೆಗ್ಗಣದ ಬಿಲ ಇರಬೇಕು ಅಂದುಕೊಂಡೆವು. ತರಗು ಸರಿಸಿ ನೋಡಿದರೆ ಬಿರುಕು. ಕೈ ಹಿಡಿಯುವಷ್ಟು ಅಗಲ, ಗಿಡಗಳ ನಡುವೆ ಕುಡುಗೋಲಿನ ಹಾಗೆ ಬಾಗಿಕೊಂಡು ಮೂವತ್ತು ಹೆಜ್ಜೆ ಹೋಗಿತ್ತು. ಹೀಗೆ ಬಾಗಿದ ಬಿರುಕು, ತುದಿಗಳು ಇಳಿಜಾರಿನ ಕಡೆ ತಿರುಗಿದ್ದರೆ, ಗುಡ್ಡ ಬಿಟ್ಟುಕೊಳ್ಳಲು ಶುರುಮಾಡಿದೆ ಅಂತ ಅರ್ಥ.

ಅವತ್ತು ನಾವು ಮಾಡಿದ್ದು ಇಷ್ಟು. ಬಿರುಕಿನ ಈಚೆ ಒಂದು, ಆಚೆ ಒಂದು ಗೂಟ ಹೊಡೆದೆವು. ಎರಡರ ತಲೆಗೂ ಮೊಳೆ. ಮೊಳೆಯಿಂದ ಮೊಳೆಗೆ ಟೇಪ್ ಹಿಡಿದರೆ 412 ಮಿಲಿಮೀಟರ್. ಸಂಜೆ ಅಳೆದಾಗ 415. ಮರುದಿನ ಬೆಳಗ್ಗೆ 431. ಮೂರು ಮಿಲಿಮೀಟರ್ ಆಗಿದ್ದಾಗ ಟೇಪ್ ಸರಿಯಾಗಿ ಹಿಡಿದಿಲ್ಲವೇನೋ ಅನ್ನಿಸಿತ್ತು. ಹದಿನಾರು ಅಂದಾಗ ಯಾರೂ ಮಾತಾಡಲಿಲ್ಲ. ಕೆಳಗಿನ ಲೈನ್‌ನಲ್ಲಿದ್ದ ಮೂರು ಮನೆಯವರನ್ನೂ ಮಧ್ಯಾಹ್ನದೊಳಗೆ ಸ್ಥಳ ಬದಲಾಯಿಸಿದೆವು. ಎರಡು ದಿನ ಬಿಟ್ಟು ಆ ಜಾಗ ಜಾರಿತು. ಒಂದಷ್ಟು ಕಾಫಿ ಗಿಡ, ಒಂದು ನೀರಿನ ಟ್ಯಾಂಕ್ ಹೋಯಿತು. ಮಣ್ಣು ಲೈನ್ ಮನೆಯ ಹಿತ್ತಲವರೆಗೆ ಬಂದು ನಿಂತಿತ್ತು.

ಗೂಟದ ಅಳತೆಯಲ್ಲಿ ಬಿರುಕಿನ ಅಗಲಕ್ಕಿಂತ ಅದು ಅಗಲವಾಗುವ ವೇಗ ಮುಖ್ಯ. ದಿನಕ್ಕೆ ಒಂದೆರಡು ಮಿಲಿಮೀಟರ್ ಇದ್ದದ್ದು ಏಕಾಏಕಿ ಜಾಸ್ತಿಯಾಯಿತು ಅಂದರೆ ಮತ್ತೆ ಅಳೆಯುತ್ತಾ ಕೂರಬೇಡಿ. ಇಳಿಜಾರಿನ ಕೆಳಗೆ ನಿಂತೂ ಅಳೆಯಬೇಡಿ, ಕತ್ತಲಲ್ಲಿ ಅಳೆಯಲು ಹೋಗಬೇಡಿ. ಮನೆ ಗೋಡೆಯ ಬಿರುಕಿಗೆ ಎರಡೂ ತುದಿಯಲ್ಲಿ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆಯಿರಿ. ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಸಿಮೆಂಟ್‌ನಲ್ಲಿ ಕೂರಿಸಿದರೆ ಇನ್ನೂ ಒಳ್ಳೆಯದು, ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ.

ಅಳತೆ ಬೇಡದ ಸೂಚನೆಗಳೂ ಇವೆ. ಒಣಗಿದ್ದ ಜಾಗದಲ್ಲಿ ಹೊಸ ಒರತೆ ಎದ್ದಿದೆ. ತಿಳಿಯಾಗಿದ್ದ ಒರತೆ ಕೆಂಪಾಗಿದೆ. ನೆಟ್ಟಗಿದ್ದ ಮರ, ಕರೆಂಟ್ ಕಂಬ ವಾಲಿದೆ. ನಿನ್ನೆ ಸಲೀಸಾಗಿ ಹಾಕುತ್ತಿದ್ದ ಬಾಗಿಲು ಇವತ್ತು ಚೌಕಟ್ಟಿಗೆ ಸಿಗುತ್ತಿಲ್ಲ. ಗುಡ್ಡದ ಒಳಗಿಂದ ಲಾರಿ ಹೋದಂಥ ಸದ್ದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಸುರಿಯುತ್ತಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು, ಮರ ಬಿದ್ದು ಕಟ್ಟೆ ಕಟ್ಟಿಕೊಂಡಿರಬಹುದು. ಆ ಕಟ್ಟೆ ಒಡೆದರೆ ಎಲ್ಲ ಒಟ್ಟಿಗೇ ಬರುತ್ತದೆ. ಇವುಗಳಲ್ಲಿ ಒಂದು ಕಂಡರೂ ಮಳೆ ಲೆಕ್ಕ ಎಷ್ಟಿದೆ ಅಂತ ನೋಡಬೇಡಿ, ಹೊರಡಿ.

ಹೆಜ್ಜೆ 6: ಎಷ್ಟಕ್ಕೆ ಮನೆ ಬಿಡುವುದು? ಮೇ ತಿಂಗಳಲ್ಲೇ ನಿರ್ಧರಿಸಿ

ಈ ಬರಹದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ.

ಮಳೆ ಹೊಯ್ಯುತ್ತಿರುವಾಗ, ರಾತ್ರಿ ಹತ್ತಕ್ಕೆ, ಅಜ್ಜಿಗೆ ಜ್ವರ, ಹಸು ಗಬ್ಬ, ಕರೆಂಟ್ ಇಲ್ಲ. ಆ ಹೊತ್ತಿನಲ್ಲಿ "ಹೋಗೋಣವಾ ಬೇಡವಾ" ಅಂತ ಕೂತರೆ ಉತ್ತರ ಯಾವಾಗಲೂ "ಬೆಳಗ್ಗೆ ನೋಡೋಣ" ಅಂತಲೇ ಬರುತ್ತದೆ. ಇದು ಯಾರ ತಪ್ಪೂ ಅಲ್ಲ, ಮನುಷ್ಯರ ಸ್ವಭಾವ. ಅದಕ್ಕೇ ಬಿಸಿಲಿರುವಾಗ, ಎಲ್ಲರೂ ಸಮಾಧಾನವಾಗಿ ಕೂತು ಒಂದು ಅಂಕಿ ಗೊತ್ತು ಮಾಡಿ, ಬಾಗಿಲ ಹಿಂದೆ ಬರೆದು ಅಂಟಿಸಿ. ಆ ಅಂಕಿ ಬಂದ ದಿನ ಚರ್ಚೆ ಇಲ್ಲ.

ಯಾವ ಅಂಕಿ? ಎಲ್ಲ ಊರಿಗೂ ಹೊಂದುವ ಅಂಕಿ ಇಲ್ಲ. ಆಗುಂಬೆಗೆ ಮಾಮೂಲಿಯಾದ ಮಳೆ ಸಕಲೇಶಪುರದ ಪೂರ್ವಕ್ಕೆ ಭೀಕರ. ಪುಸ್ತಕ ಇನ್ನೂ ಹೊಸದಿದ್ದರೆ ನಾನು ಶುರು ಮಾಡಿದ ಹಾಗೆ ಶುರು ಮಾಡಿ. ಒಂದು ವಾರದಿಂದ ಬಿಡದೆ ಸುರಿದು ಮೂರು ದಿನದ ಮೊತ್ತ 200 ದಾಟಿದರೆ: ಚೀಲ ಬಾಗಿಲ ಹತ್ತಿರ, ಧರೆ ಬದಿಯ ಕೋಣೆ ಖಾಲಿ. 300 ದಾಟಿದರೆ, ಅಥವಾ ಒಂದೇ ದಿನ 115 ದಾಟಿ ಮರುದಿನಕ್ಕೂ ಕಿತ್ತಳೆ ಇಲ್ಲವೇ ಕೆಂಪು ಇದ್ದರೆ: ಆ ಸಂಜೆ ಮನೆ ಬಿಡುವುದು. ಇದು ನನ್ನ ಜಾಗಕ್ಕೆ ನಾನು ಇಟ್ಟುಕೊಂಡ ಅಂಕಿ, ಇಲಾಖೆಯದ್ದಲ್ಲ. ನಿಮ್ಮ ಪುಸ್ತಕ, ಊರಿನ ಹಿರಿಯರ ನೆನಪು, ಹಿಂದೆ ಕುಸಿದ ದಿನಗಳ ಮಳೆ ನೋಡಿ ನಿಮ್ಮದನ್ನು ತಿದ್ದಿಕೊಳ್ಳಿ.

ಇನ್ನು ಸಂಜೆ 5ರ ಮಾತು. ವಯನಾಡಿನಲ್ಲಿ ಗುಡ್ಡ ಇಳಿದಿದ್ದು ಎಲ್ಲರೂ ಮಲಗಿದ್ದಾಗ. ರಾತ್ರಿ ಬಿರುಕು ಕಾಣುವುದಿಲ್ಲ, ಮಳೆ ಸದ್ದಿನಲ್ಲಿ ಗುಡ್ಡದ ಸದ್ದು ಕೇಳುವುದಿಲ್ಲ. ಕತ್ತಲಲ್ಲಿ ಹಳ್ಳ ದಾಟುವುದಂತೂ ಇನ್ನೊಂದು ಅಪಾಯ. ಹಾಗಾಗಿ 5ಕ್ಕೆ ಅಳೆದು, ರಾತ್ರಿಯ ಮುನ್ಸೂಚನೆ ನೋಡಿ, ಬೆಳಕಿರುವಾಗಲೇ ತೀರ್ಮಾನ ಆಗಬೇಕು. ಅನುಮಾನ ಬಂದರೆ ಆ ರಾತ್ರಿ ಬೇರೆ ಕಡೆ ಮಲಗಿ. ಹತ್ತು ಸಲ ಸುಮ್ನೆ ಹೋಗಿ ಬಂದಂತಾಗಬಹುದು. ಆಗಲಿ. ನೆಂಟರ ಮನೆಯಲ್ಲಿ ಹತ್ತು ರಾತ್ರಿ ಕಳೆಯುವುದು ದೊಡ್ಡ ನಷ್ಟವಲ್ಲ.

ಹೆಜ್ಜೆ 7: ಹೊರಡುವಾಗ

ಎಲ್ಲಿಗೆ ಹೋಗುವುದು ಅಂತ ಮೊದಲೇ ಮಾತಾಡಿಟ್ಟಿರಿ. ಹೋಗುವ ದಾರಿ ಹಳ್ಳ, ಮೋರಿ ದಾಟುವಂತಿದ್ದರೆ ಬೇರೆ ದಾರಿ ಹುಡುಕಿ. ಆಧಾರ್, ಆರ್‌ಟಿಸಿ, ಪಾಸ್‌ಬುಕ್, ಔಷಧಿ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ. ಹಸುಗಳ ಹಗ್ಗ ಬಿಚ್ಚಿ, ಕೊಟ್ಟಿಗೆ ಬಾಗಿಲು ತೆಗೆಯಿರಿ. ದನ ತಾನಾಗಿ ದಾರಿ ಹುಡುಕಿಕೊಳ್ಳುತ್ತದೆ, ಕಟ್ಟಿದ್ದರೆ ಅದಕ್ಕೂ ಸಾಧ್ಯವಿಲ್ಲ.

ಗುಡ್ಡ ಇಳಿಯುತ್ತಿದೆ ಅಂತ ಗೊತ್ತಾದರೆ ಕೆಳಗೆ ಹಳ್ಳದ ದಾರಿ ಹಿಡಿದು ಓಡಬೇಡಿ, ಮಣ್ಣು ಅದೇ ದಾರಿಯಲ್ಲಿ ಬರುತ್ತದೆ. ಪಕ್ಕಕ್ಕೆ ಓಡಿ, ಎತ್ತರದ ಏಣಿನ, ಅಂದರೆ ಗುಡ್ಡದ ಬೆನ್ನಿನ ಕಡೆ. ಒಮ್ಮೆ ಕುಸಿದ ಮೇಲೆ ಚಿನ್ನ ತರಲು, ನಾಯಿ ಬಿಚ್ಚಲು ಅಂತ ಹಿಂದೆ ಹೋಗಬೇಡಿ. ವಯನಾಡಿನಲ್ಲಿ ಮೊದಲನೆಯದು ರಾತ್ರಿ ಒಂದರ ಆಸುಪಾಸಿನಲ್ಲಾದರೆ, ಬೆಳಗಿನ ಜಾವ ಮತ್ತೆ ಬಂತು.

ಹೆಜ್ಜೆ 8: ಮುಂದಿನ ಬೇಸಿಗೆಯಲ್ಲಿ ನೀರಿಗೆ ದಾರಿ

ಇಲ್ಲಿಯವರೆಗೆ ಹೇಳಿದ್ದು ತಪ್ಪಿಸಿಕೊಳ್ಳುವ ಕೆಲಸ. ಅಪಾಯವನ್ನೇ ಕಡಿಮೆ ಮಾಡಬೇಕಾದರೆ ಸೂತ್ರ ಒಂದೇ: ನೀರು ಇಳಿಜಾರಿನೊಳಗೆ ನಿಲ್ಲಬಾರದು.

ಧರೆಯ ನೆತ್ತಿಯಿಂದ ಸ್ವಲ್ಪ ಹಿಂದೆ ಒಂದು ಚರಂಡಿ ತೆಗೆದು, ಮೇಲಿನ ನೀರನ್ನು ಪಕ್ಕಕ್ಕೆ ತಿರುಗಿಸಿ. ನೀರು ಇಂಗದ ಹಾಗೆ ಚರಂಡಿಗೆ ತಳ ಹಾಕಿ. ಬಿರುಕು ಇದ್ದರೆ ಜೇಡಿಮಣ್ಣು ತುಂಬಿ ತುಳಿಯಿರಿ, ಮಳೆಗಾಲದಲ್ಲಿ ಟಾರ್ಪಾಲು ಹೊದಿಸಿ. ತಡೆಗೋಡೆ ಕಟ್ಟುವುದಾದರೆ ನೀರು ಹೊರಬರುವ ಕಿಂಡಿ ಇರಲೇಬೇಕು, ಕಿಂಡಿಯ ಹಿಂದೆ ಜಲ್ಲಿ ತುಂಬಬೇಕು. ಕಿಂಡಿ ಇಲ್ಲದ ದಪ್ಪ ಕಾಂಕ್ರೀಟ್ ಗೋಡೆಯ ಹಿಂದೆ ನೀರು ಸೇರಿ ಗೋಡೆಯನ್ನೇ ದೂಡುತ್ತದೆ. ಧರೆಯ ಮೈಗೆ ಲಾವಂಚ ನೆಡಿ. ಅದರ ಬೇರು ನೆಟ್ಟಗೆ ಎರಡು ಮೂರು ಮೀಟರ್ ಇಳಿದು ಮೇಲ್ಮಣ್ಣನ್ನು ಹೆಣೆದು ಹಿಡಿಯುತ್ತದೆ. ಆಳದಿಂದ ಜಾರುವ ಗುಡ್ಡಕ್ಕೆ ಮಾತ್ರ ಲಾವಂಚ ಸಾಲದು.

ಇಂಗುಗುಂಡಿ, ತೊಟ್ಟಿಲು ಗುಂಡಿ ಒಳ್ಳೆಯದು ಅಂತ ನಾವೆಲ್ಲ ಕೇಳಿಕೊಂಡು ಬೆಳೆದಿದ್ದೇವೆ. ಸಾಧಾರಣ ಇಳಿಜಾರಿಗೆ ನಿಜ. ಕಡಿದಾದ ಗುಡ್ಡದ ನೆತ್ತಿಯಲ್ಲಿ, ಮನೆಯ ಮೇಲ್ಭಾಗದಲ್ಲಿ ನೀರಿಂಗಿಸುವುದು ಮಾತ್ರ ಗುಡ್ಡದ ಹೊಟ್ಟೆಗೆ ನಾವೇ ನೀರು ತುಂಬಿದಂತೆ. ಅಂಥ ಜಾಗದಲ್ಲಿ ಕೃಷಿ ಹೊಂಡವೂ ಬೇಡ. ಅಂಗಳ ಅಗಲ ಮಾಡಲು ಜೆಸಿಬಿ ತಂದು ಧರೆ ಕಡಿಸುವ ಮುಂಚೆ ಎರಡು ಸಲ ಯೋಚಿಸಿ. ಗುಡ್ಡದ ಕಾಲು ಕಡಿದರೆ ಮೈ ನಿಲ್ಲುವುದಿಲ್ಲ, ಶಿರೂರಿನ ಹೆದ್ದಾರಿಯಲ್ಲಿ ಅದನ್ನು ನೋಡಿದ್ದೇವೆ. ದೊಡ್ಡ ಬಿರುಕು, ದೊಡ್ಡ ಧರೆ ಇದ್ದರೆ ತಾಲ್ಲೂಕು ಕಚೇರಿಗೆ ಫೋಟೋ, ಗೂಟದ ಅಳತೆ ಸಮೇತ ಬರೆದು ಕೊಡಿ, ಭೂವಿಜ್ಞಾನಿಗಳು ಬಂದು ನೋಡುವಂತೆ ಕೇಳಿ. "ಗುಡ್ಡ ಬೀಳೋ ಹಾಗಿದೆ" ಅನ್ನುವ ಅರ್ಜಿಗಿಂತ "ನಾಲ್ಕು ದಿನದಲ್ಲಿ 19 ಮಿಲಿಮೀಟರ್ ಅಗಲವಾಗಿದೆ" ಅನ್ನುವ ಅರ್ಜಿಗೆ ತೂಕ ಜಾಸ್ತಿ.

ಹೆಜ್ಜೆ 9: ಒಬ್ಬರೇ ಅಳೆಯಬೇಡಿ

ಹ್ಯೂಮ್ ಸೆಂಟರ್‌ನವರ ಬಲ ಇರುವುದು ವಯನಾಡಿನ ಉದ್ದಗಲಕ್ಕೂ ಹರಡಿದ ಸುಮಾರು 200 ಮಳೆಮಾಪಕಗಳಲ್ಲಿ. ಎಷ್ಟೋ ಕಡೆ ಅಳೆದು ಕಳಿಸುವವರು ಊರಿನ ಜನ. ನಮ್ಮ ಒಂದೊಂದು ಪಂಚಾಯಿತಿಯಲ್ಲಿ ಐದು ಪೈಪ್ ನೆಟ್ಟರೂ ಗುಡ್ಡದ ಯಾವ ಮಗ್ಗುಲಲ್ಲಿ ಮಳೆ ಜಾಸ್ತಿ ಅಂತ ಎದ್ದು ಕಾಣುತ್ತದೆ. ಒಂದು ಶಾಲೆಯಲ್ಲಿರಲಿ. ಮಕ್ಕಳು ಒಂದು ದಿನವೂ ತಪ್ಪಿಸುವುದಿಲ್ಲ, ನೋಡಿದ್ದೇನೆ. ಒಂದು ಗುಡ್ಡದ ಮೇಲಿನ ಮನೆಯಲ್ಲಿರಲಿ, ಏಕೆಂದರೆ ಮೇಲೆ ಬಿದ್ದ ಮಳೆಯೇ ಕೆಳಗಿನವರ ಮೇಲೆ ಬರುವುದು.

ದಿನಾ 8:30ಕ್ಕೆ ವಾಟ್ಸಾಪ್ ಗುಂಪಿನಲ್ಲಿ ಅಂಕಿ ಮಾತ್ರ ಹಾಕಿ. ಅದೇ ಗುಂಪಿನಲ್ಲಿ ಶುಭೋದಯದ ಹೂವು ಬೇಡ, ಎಚ್ಚರಿಕೆ ಅದರಡಿ ಮುಚ್ಚಿ ಹೋಗುತ್ತದೆ. ನೆಟ್‌ವರ್ಕ್ ಇಲ್ಲದಾಗ ಯಾರು ಯಾರ ಮನೆಗೆ ಹೋಗಿ ಹೇಳಬೇಕು ಅಂತ ಪಟ್ಟಿ ಮಾಡಿ. ನಮ್ಮಲ್ಲಿ ದೇವಸ್ಥಾನದ ಗಂಟೆಯನ್ನು ಇದಕ್ಕೆ ಇಟ್ಟುಕೊಂಡಿದ್ದೇವೆ: ಹೊತ್ತಲ್ಲದ ಹೊತ್ತಿನಲ್ಲಿ ಬಿಡದೆ ಹೊಡೆದರೆ ಎಲ್ಲರೂ ಶಾಲೆ ಕಡೆ ಬರಬೇಕು. ಲೈನ್ ಮನೆಯವರಿಗೆ ಅವರ ಭಾಷೆಯಲ್ಲೇ ಇದನ್ನು ಹೇಳಿಕೊಟ್ಟಿದ್ದೇವೆ. ಅಸ್ಸಾಂನಿಂದ ಬಂದ ಹುಡುಗನೊಬ್ಬ ಈಗ ದಿನಾ ಸಂಜೆ 5ರ ಅಳತೆ ತೆಗೆದು ನನಗೆ ಹೇಳುತ್ತಾನೆ, ಕನ್ನಡದಲ್ಲೇ.

ಪೈಪ್ ನೆಡಲು ಹೂಮಳೆ ಒಳ್ಳೆಯ ಹೊತ್ತು. ಹೇಗೂ ಎಲ್ಲರೂ ಆಗ ಅಳೆಯುತ್ತೀರಿ, ಕೈ ಕೂರುತ್ತದೆ. ಹೂಮಳೆ ಆಯ್ತು ಅಂತ ಪುಸ್ತಕ ಕಪಾಟಿಗೆ ಸೇರಿಸಬೇಡಿ. ಅಕ್ಟೋಬರ್ ಮುಗಿಯುವವರೆಗೆ ಅದು ಬಾಗಿಲ ಪಕ್ಕದ ಮೊಳೆಯಲ್ಲೇ ತೂಗಲಿ, ಪೆನ್ಸಿಲ್ ಕಟ್ಟಿಕೊಂಡು. ಪೆನ್ ಬೇಡ, ಮಳೆಗಾಲದಲ್ಲಿ ಶಾಯಿ ಹರಡುತ್ತದೆ.